ಗ್ರೀಕ್ ನಾಟಕದ ತವರು ನೋಡಲು ಹೊರಟವರಿಗೆ

ಅಥೆನ್ಸ್‌ಗೆ ಹೋದವರೆಲ್ಲ ಸೀದಾ ಆಕ್ರೊಪೊಲಿಸ್ ಗುಡ್ಡ ಹತ್ತಿಬಿಡುತ್ತಾರೆ. ನಾಟಕದ ಹುಚ್ಚಿರುವವರು ಹಾಗೆ ಮಾಡಬೇಡಿ. ಆಕ್ರೊಪೊಲಿ ಮೆಟ್ರೊ ಸ್ಟೇಷನ್‌ನಲ್ಲಿ ಇಳಿದು, ದಕ್ಷಿಣ ಇಳಿಜಾರಿನ ಗೇಟಿನಿಂದ ಒಳಗೆ ಹೋಗಿ. ಮದ್ಯದ ದೇವರು ಡಯೊನೈಸಸ್ ಹೆಸರಿನ ರಂಗಮಂದಿರ ಅಲ್ಲೇ ಸಿಗುತ್ತದೆ. ಆಕ್ರೊಪೊಲಿಸ್ ಟಿಕೆಟ್‌ನಲ್ಲೇ ಇದೂ ಸೇರಿದೆ. ಬೇಸಿಗೆಯಲ್ಲಾದರೆ ಬೆಳಗಿನ ಮೊದಲ ಸ್ಲಾಟ್ ಬುಕ್ ಮಾಡಿ. ನೆರಳು ಕಡಿಮೆ, ಅಮೃತಶಿಲೆ ಜಾರುತ್ತದೆ. ಸ್ವಲ್ಪ ಮುಂದೆ ಕಮಾನುಗಳಿರುವ ಭರ್ಜರಿ ಕಟ್ಟಡ ನೋಡಿ ಅದೇ ಎಂದುಕೊಳ್ಳುವವರು ಜಾಸ್ತಿ. ಅದು ರೋಮನ್ನರ ಕಾಲದ್ದು.

ಡಯೊನೈಸಸ್ ರಂಗಮಂದಿರದ ಕಲ್ಲಿನ ಮೆಟ್ಟಿಲೂ ಹಳೆಯ ನಾಟಕಕಾರ ಈಸ್ಕಿಲಸ್ ಕಂಡದ್ದಲ್ಲ. ಅವನ ಕಾಲದಲ್ಲಿ ಜನ ಮರದ ಹಲಗೆಗಳ ಮೇಲೆ ಕೂರುತ್ತಿದ್ದರು. ಆದರೆ ಜಾಗ ಇದೇ. ವಸಂತದ ಡಯೊನೈಸಸ್ ಹಬ್ಬದಲ್ಲಿ ಮೇಳ ಹಾಡಿ ಕುಣಿಯುತ್ತಿತ್ತು. ಥೆಸ್ಪಿಸ್ ಎಂಬವನು ಮೇಳದಿಂದ ಬೇರೆ ನಿಂತು ಪಾತ್ರವಾಗಿ ಮಾತಾಡಿದ ಎನ್ನುತ್ತಾರೆ, ಸುಮಾರು ಕ್ರಿ.ಪೂ. 534ರಲ್ಲಿ. ಈಸ್ಕಿಲಸ್ ಎರಡನೇ ನಟನನ್ನು ತಂದ. ನನಗೆ ಕೇಳಿದರೆ ನಾಟಕ ಹುಟ್ಟಿದ್ದು ಆಗಲೇ. ಎದುರಾಬದುರು ನಿಂತು ಜಗಳ ಆಡೋಕೆ ಇಬ್ಬರಾದರೂ ಬೇಕಲ್ವಾ? ಮೂರನೆಯವನನ್ನು ತಂದದ್ದು ಇನ್ನೊಬ್ಬ ನಾಟಕಕಾರ ಸೊಫೊಕ್ಲಿಸ್.

ಬಿ.ಎಂ.ಶ್ರೀ. ಕನ್ನಡಕ್ಕೆ ತಂದ ‘ಪಾರಸಿಕರು’ ಓದಿಕೊಂಡು ಹೋಗಿ. ಈಸ್ಕಿಲಸ್‌ನ ಆ ನಾಟಕ ಕ್ರಿ.ಪೂ. 472ರಲ್ಲಿ ಇದೇ ಹಬ್ಬದಲ್ಲಿ ಆಡಿದ್ದು. ಮೇಳದ ಖರ್ಚು ಹೊತ್ತವನು ಮುಂದೆ ಅಥೆನ್ಸ್‌ನ ನಾಯಕನಾದ, ಆಗಿನ್ನೂ ಇಪ್ಪತ್ತರ ಆಸುಪಾಸಿನಲ್ಲಿದ್ದ ಪೆರಿಕ್ಲಿಸ್! ರಂಗಮಂದಿರದ ಮುಂದಿನ ಸಾಲಿನ ನಡುವೆ ಡಯೊನೈಸಸ್ ಪೂಜಾರಿಯ ಕಲ್ಲಿನ ಆಸನವಿದೆ. ಅದರ ಕಾಲು ಸಿಂಹದ ಪಂಜ. ತೋಳಿನ ಪಕ್ಕದ ಕೆತ್ತನೆಯಲ್ಲಿ ರೆಕ್ಕೆಯ ಹುಡುಗ ಕಾಳಗದ ಹುಂಜ ಹಿಡಿದು ಕೂತಿದ್ದಾನೆ. ಬಗ್ಗಿ ನೋಡಿದರೆ ಮಾತ್ರ ಕಾಣುತ್ತದೆ.

ಹೊರಗೆ ಬಂದು ಪ್ಲಾಕಾ ಎಂಬ ಹಳೆಯ ಬಡಾವಣೆಯ ಕಡೆ ನಡೆದರೆ ಲೈಸಿಕ್ರಟಿಸ್ ಸ್ಮಾರಕ. ಹುಡುಗರ ಮೇಳ ಗೆದ್ದದ್ದಕ್ಕೆ ಖರ್ಚು ಕೊಟ್ಟ ಧಣಿ ಕಟ್ಟಿಸಿಕೊಂಡದ್ದು. ಟಿಕೆಟ್ ಇಲ್ಲ.

ಅಥೆನ್ಸ್‌ನಿಂದ ಆಚೆ ಇರುವ ಎಪಿಡಾರಸ್ ರಂಗಮಂದಿರವನ್ನೂ ಬಿಡಬೇಡಿ. ಮೇಳ ಕುಣಿಯುತ್ತಿದ್ದ ದುಂಡು ಮಣ್ಣಿನ ಅಂಗಳ, ಸುತ್ತ ಕಲ್ಲಿನ ಬಳೆ, 55 ಸಾಲು ಮೆಟ್ಟಿಲು, ಎಲ್ಲ ಅಲ್ಲಿ ಚೆನ್ನಾಗಿ ಉಳಿದಿವೆ. ಅಥೆನ್ಸ್‌ನ ಕಿಫಿಸೊಸ್ ಬಸ್ ನಿಲ್ದಾಣದಿಂದ ನಾಫ್ಲಿಯೊ ಊರಿನ ಬಸ್ ಹಿಡಿದು, ಅಲ್ಲಿ ಬದಲಿಸಬೇಕು. ಎಪಿಡಾರಸ್ ಹೆಸರಿನ ಊರುಗಳು ಬೇರೆಯೂ ಇವೆ. ರಂಗಮಂದಿರ ಇರುವುದು ಲಿಗೂರಿಯೊ ಊರಿನ ಹತ್ತಿರ, ವೈದ್ಯದೇವರ ಕ್ಷೇತ್ರದಲ್ಲಿ; ಅದನ್ನು ‘ಅಸ್ಕ್ಲಿಪಿಯೊ’ ಎಂದೇ ಕೇಳಿ. ಬೇಸಿಗೆಯ ಉತ್ಸವದಲ್ಲಿ ಶುಕ್ರವಾರ, ಶನಿವಾರ ರಾತ್ರಿ ನಾಟಕ ಇರುತ್ತದೆ. ಬರೀ ಜಾಗ ನೋಡಲು ಹಗಲು ಹೋಗುವವರು ವಾಪಸ್ ಬಸ್ ಎಷ್ಟು ಹೊತ್ತಿಗೆ ಎಂದು ಇಳಿಯುವಾಗಲೇ ಡ್ರೈವರ್‌ ಹತ್ತಿರ ಕೇಳಿಟ್ಟುಕೊಳ್ಳಿ. ಬಸ್ಸುಗಳು ಕಮ್ಮಿ.