ಫೈಬರ್ ರಿಸೀವರ್: ಕೊನೆಗೂ ಐ ಪ್ಯಾಟರ್ನ್ ತೆರೀತು

ನಾನೇ ಮಾಡಿದ ರಿಸೀವರಿಗೆ, 50 ಮೀಟರ್ ಪ್ಲಾಸ್ಟಿಕ್ ಫೈಬರ್ (ಬೆಳಕು ಒಯ್ಯುವ ಎಳೆ) ದಾಟಿ ಸೆಕೆಂಡಿಗೆ 10 ಮೆಗಾಬಿಟ್ ಎನ್‌ಆರ್‌ಝಡ್ ಡೇಟಾ (1ಕ್ಕೆ ಬೆಳಕು, 0ಗೆ ಕತ್ತಲು) ನಿನ್ನೆ ರಾತ್ರಿ ಸ್ವಚ್ಛವಾಗಿ ಬಂತು. ಸ್ಕೋಪಿನಲ್ಲಿ ಐ ಪ್ಯಾಟರ್ನ್ (ಬಿಟ್‌ಗಳನ್ನೆಲ್ಲ ಒಂದರ ಮೇಲೊಂದು ಹಾಕಿದಾಗ ಮೂಡುವ ಕಣ್ಣಿನ ಆಕಾರ) ನಡುವೆ ಖಾಲಿ ಜಾಗ ಕಂಡ ಖುಷಿಗೆ ನಿದ್ದೆ ಹತ್ತಲಿಲ್ಲ. ಟ್ರಾನ್ಸ್‌ಮಿಟರ್, ಬೋರ್ಡ್ ಎಚಿಂಗ್ ಎಲ್ಲ ನಿಮಗೆ ಗೊತ್ತಿರೋದೇ, ಬಿಡ್ರಿ. ಜೀವ ತಿಂದದ್ದು ನಾಯ್ಸ್, ಅಂದರೆ ಸಿಗ್ನಲ್ ಮೇಲೆ ಕೂರುವ ಬೇಡದ ಏರಿಳಿತ.

650 ನ್ಯಾನೋಮೀಟರ್ ಕೆಂಪು ಬೆಳಕಿಗೆ ಈ ಫೈಬರಿನಲ್ಲಿ ಮೀಟರಿಗೆ ಸುಮಾರು 0.2 ಡೆಸಿಬೆಲ್ ನಷ್ಟ. 50 ಮೀಟರಿಗೆ 10 ಡೆಸಿಬೆಲ್, ಅಲ್ಲಿಗೇ ಬೆಳಕು ಹತ್ತನೇ ಒಂದು ಪಾಲು. ಬೆಳಕನ್ನು ಕರೆಂಟ್ ಮಾಡುವ ಫೋಟೋಡಯೋಡ್ ಕೊಡೋದು 0.2 ಮೈಕ್ರೋಆಂಪ್, ಆಂಪ್ಲಿಫೈಯರಿನ 10 ಕಿಲೋಓಮ್ ಫೀಡ್‌ಬ್ಯಾಕ್ ರೆಸಿಸ್ಟರ್ ದಾಟಿದರೆ 2 ಮಿಲಿವೋಲ್ಟ್. ಅದರ ಮೇಲೆ 0.3 ಮಿಲಿವೋಲ್ಟ್ ನಾಯ್ಸ್ ಕುಣಿಯುತ್ತಿತ್ತು. ಕ್ಯೂ (1 ಮತ್ತು 0 ನಡುವಿನ ಅಂತರವನ್ನು ಎರಡರ ನಾಯ್ಸ್ ಮೊತ್ತದಿಂದ ಭಾಗಿಸಿದ್ದು) ಬರೀ 3.3, ಅಂದರೆ ಹತ್ತು ಸಾವಿರ ಬಿಟ್‌ನಲ್ಲಿ ನಾಲ್ಕೈದು ತಪ್ಪು. ನೂರು ಕೋಟಿಗೆ ಒಂದೇ ತಪ್ಪು ಆಗಬೇಕಾದರೆ ಕ್ಯೂ 6 ಬೇಕು.

ಮೊದಲು ಅನುಮಾನ ಬಂದದ್ದು ಪಕ್ಕದ ಶೆಡ್ಡಿನ ವೆಲ್ಡಿಂಗ್ ಮೇಲೆ. ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ಇರೋರಿಗೆ ಆ ಸದ್ದು ಹೊಸದಲ್ಲ. ರಿಸೀವರನ್ನು ಬ್ಯಾಟರಿಗೆ ಹಾಕಿ, ತಗಡಿನ ಡಬ್ಬಿಯೊಳಗೆ ಮುಚ್ಚಿದೆ. ನಾಯ್ಸ್ ಕದಲಲಿಲ್ಲ. ಗೆಳೆಯರದೆಲ್ಲ ಒಂದೇ ಮಾತು: "ರೆಸಿಸ್ಟರ್ ನಾಯ್ಸ್ ಅದು, ದೊಡ್ಡದು ಹಾಕ್ರಿ."

ಲೆಕ್ಕ ಬೇರೆಯದನ್ನೇ ಹೇಳಿತು. 10 ಕಿಲೋಓಮಿನ ಥರ್ಮಲ್ ನಾಯ್ಸ್ (ರೆಸಿಸ್ಟರಿನ ಬಿಸಿಯಿಂದ ಹುಟ್ಟುವುದು) ಪ್ರತಿ ರೂಟ್ ಹರ್ಟ್ಸ್‌ಗೆ 1.3 ಪಿಕೋಆಂಪ್ ಅಷ್ಟೇ. ಶಾಟ್ ನಾಯ್ಸ್ (ಕರೆಂಟ್ ಬಿಡಿ ಬಿಡಿ ಎಲೆಕ್ಟ್ರಾನ್‌ಗಳಾಗಿ ಹರಿಯೋದರಿಂದ ಬರುವುದು) ಅದಕ್ಕಿಂತ ಕಡಿಮೆ. ಆದರೆ ನನ್ನ ಆಂಪ್ಲಿಫೈಯರ್ ಚಿಪ್ ಓಪಿಎ656ರ 7 ನ್ಯಾನೋವೋಲ್ಟ್ ನಾಯ್ಸ್ (ಇದೂ ಪ್ರತಿ ರೂಟ್ ಹರ್ಟ್ಸ್‌ಗೆ) ಇನ್‌ಪುಟ್‌ನ ಕೆಪಾಸಿಟನ್ಸ್ ಮೇಲೆ ಕೂತಿರುತ್ತದೆ. ಡಯೋಡ್, ಆಂಪ್, ತಂತಿ ಎಲ್ಲ ಸೇರಿ 30 ಪಿಕೋಫ್ಯಾರಡ್. 10 ಮೆಗಾಹರ್ಟ್ಸ್‌ನಲ್ಲಿ ಅದು 13 ಪಿಕೋಆಂಪ್ ಆಗುತ್ತದೆ, ರೆಸಿಸ್ಟರಿನ ಹತ್ತು ಪಟ್ಟು! ಫ್ರೀಕ್ವೆನ್ಸಿ ಏರಿದಂತೆ ಇದೂ ಏರುತ್ತದೆ, ಹಾಗಾಗಿ ಒಟ್ಟು ನಾಯ್ಸ್ ಪವರ್ ಬ್ಯಾಂಡ್‌ವಿಡ್ತ್‌ನ ಘನದಂತೆ (ಮೂರನೇ ಘಾತ) ಬೆಳೆಯುತ್ತದೆ. ನನ್ನ ಆಂಪ್ 11 ಮೆಗಾಹರ್ಟ್ಸ್ ತನಕ ಬಾಯಿ ತೆರೆದಿತ್ತು. 10 ಮೆಗಾಬಿಟ್‌ಗೆ 7 ಸಾಕು. ಹಿಂದೆ ಒಂದು 7 ಮೆಗಾಹರ್ಟ್ಸ್ ಬೆಸಲ್ ಫಿಲ್ಟರ್ (ಅದಕ್ಕಿಂತ ಮೇಲಿನ ಫ್ರೀಕ್ವೆನ್ಸಿ ತಡೆಯುವುದು) ಕೂಡಿಸಿದೆ. ನಾಯ್ಸ್ ವೋಲ್ಟೇಜ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಐ ಪ್ಯಾಟರ್ನಿನ ಭುಜ ಸ್ವಲ್ಪ ದುಂಡಗಾಯಿತು, ಆದರೆ ಕ್ಯೂ 6 ದಾಟಿತು. ಇಷ್ಟು ಸುಂದರವಾದ ಲೆಕ್ಕವನ್ನು ಕಣ್ಣಾರೆ ನೋಡೋದು ಬೇರೆಯೇ ಸಂತೋಷ.

ಡಯೋಡ್ ತರಿಸಿದ ಕಥೆ ಮಾತ್ರ ಸಿಟ್ಟು ತರಿಸುವಂಥದ್ದು. ಕೇಳಿದ್ದು ಪಾರದರ್ಶಕ ಬಿಪಿಡಬ್ಲ್ಯೂ34. ಕಳಿಸಿದ್ದು ಇನ್‌ಫ್ರಾರೆಡ್ ಮಾತ್ರ ಬಿಡುವ ಕಪ್ಪು ಫಿಲ್ಟರಿನ ಬಿಪಿಡಬ್ಲ್ಯೂ34ಎಫ್. ಅದಕ್ಕೆ ಕೆಂಪು ಬೆಳಕು ಕಾಣೋದೇ ಇಲ್ಲ. ಅಂಗಡಿಗೆ ಫೋನ್ ಮಾಡಿದರೆ, "ಸರ್ರ, ನಂಬರ್ ಒಂದ ಐತಲ್ರಿ, ಕರೇದಿದ್ರ ಏನಾತ್ರಿ?" ಅಂದರು. ವಾಪಸ್ ತಗೊಳ್ಳಲಿಲ್ಲ. ಸರಿಯಾದದ್ದಕ್ಕೆ ಮತ್ತೆ ದುಡ್ಡು ಕೊಟ್ಟೆ.

ಆ ಕಪ್ಪು ಡಯೋಡ್‌ಗಳನ್ನು ನೃಪತುಂಗ ಬೆಟ್ಟಕ್ಕೆ ಒಯ್ಯುವ ಯೋಚನೆ ಇದೆ. ಬೆಟ್ಟದಿಂದ ನಮ್ಮ ತಾರಸಿಗೆ ಫೈಬರ್ ಇಲ್ಲದೆ, 850 ನ್ಯಾನೋಮೀಟರ್ ಇನ್‌ಫ್ರಾರೆಡ್‌ನಲ್ಲಿ ಲಿಂಕ್. ಅಲ್ಲಿ ಶತ್ರು ಹಗಲು ಬೆಳಕು: ಬಿಸಿಲಿನಿಂದ 100 ಮೈಕ್ರೋಆಂಪ್ ಹರಿದರೆ ಶಾಟ್ ನಾಯ್ಸೇ 5.7 ಪಿಕೋಆಂಪ್. ಎಪಿಡಿ (ಕರೆಂಟನ್ನು ಒಳಗೇ ಗುಣಿಸುವ ಫೋಟೋಡಯೋಡ್) ಹಾಕಿದರೆ ಅದು ಬಿಸಿಲನ್ನೂ ಗುಣಿಸಿ, ಮೇಲೆ ತನ್ನ ನಾಯ್ಸ್ ಸೇರಿಸುತ್ತದೆ. ಬಿಸಿಲಿನಲ್ಲೂ ಇನ್‌ಫ್ರಾರೆಡ್ ಇರುವುದರಿಂದ ಕಪ್ಪು ಫಿಲ್ಟರ್ ಒಂದೇ ಸಾಲದು, ಉದ್ದನೆಯ ಕೊಳವೆ, ದೊಡ್ಡ ಲೆನ್ಸ್ ಎರಡೂ ಬೇಕು. ಹುಬ್ಬಳ್ಳಿ-ಧಾರವಾಡದಲ್ಲಿ ಹಳೆಯ ಪ್ರೊಜೆಕ್ಟರ್ ಲೆನ್ಸ್ ಯಾರ ಹತ್ತಿರ ಇದ್ದರೂ ತಿಳಿಸ್ರಿ, ನಾನೇ ಬಂದು ಒಯ್ತೀನಿ.