ಜನವಿಲ್ಲದ ಊರಿಗೆ ಇಬ್ಬರು ಸಂಸದರು: ಓಲ್ಡ್ ಸೇರಮ್‌ಗೆ ಹೋಗುವವರಿಗೆ

ಸ್ಟೋನ್‌ಹೆಂಜ್ ನೋಡಲೆಂದು ಸಾಲ್ಸ್‌ಬರಿಯಲ್ಲಿ ರೈಲು ಇಳಿಯುವ ನಮ್ಮವರು ಬಹಳ. ಊರಿಗೆ ಮೂರೇ ಕಿಲೋಮೀಟರ್ ಉತ್ತರದಲ್ಲಿ, ಕಾಸಲ್ ರಸ್ತೆಯ ಪಕ್ಕದಲ್ಲಿ, ಹುಲ್ಲು ಹೊದ್ದ ಒಂದು ದೊಡ್ಡ ದಿಬ್ಬ ಇದೆ, ಅದೇ ಓಲ್ಡ್ ಸೇರಮ್. ಬಸ್ಸಿನ ಕಿಟಕಿಯಿಂದ ನೋಡಿ ‘ಯಾವುದೋ ಹಳೇ ಕೋಟೆ’ ಎಂದು ಮುಂದೆ ಹೋಗುವವರೇ ಹೆಚ್ಚು. ಈ ದಿಬ್ಬದ ಹೆಸರಿನಲ್ಲಿ 1832ರವರೆಗೂ ಬ್ರಿಟಿಷ್ ಸಂಸತ್ತಿಗೆ ಇಬ್ಬರು ಸದಸ್ಯರು ಆಯ್ಕೆಯಾಗುತ್ತಿದ್ದರು. ಆಗ ಮ್ಯಾಂಚೆಸ್ಟರ್, ಬರ್ಮಿಂಗ್‌ಹ್ಯಾಮ್‌ನಂಥ ಊರುಗಳಿಗೆ ತಮ್ಮದೇ ಆದ ಒಬ್ಬ ಸದಸ್ಯನೂ ಇರಲಿಲ್ಲ. ಇಲ್ಲಿ ವಾಸವಿದ್ದ ಮತದಾರರು ಸೊನ್ನೆ.

ಇಲ್ಲಿಗೆ ಓದಿಕೊಂಡೇ ಹೋಗಬೇಕು. ನಿಂತಿರುವ ಕಟ್ಟಡ ಇಲ್ಲವೆಂದೇ ಹೇಳಬೇಕು, ಇರುವುದು ಅಡಿಪಾಯ, ಕಂದಕ, ಗಾಳಿ. ಯಾವ ಜಾಗದಲ್ಲಿ ಏನು ನಡೆಯಿತು ಎಂದು ತಿಳಿದಿದ್ದರೆ ಅರ್ಧ ದಿನ ಸಾಲದು. ತಿಳಿಯದಿದ್ದರೆ ಇಪ್ಪತ್ತು ನಿಮಿಷಕ್ಕೆ ಬೇಸರ ಬರುತ್ತದೆ.

ಲಂಡನ್‌ನ ವಾಟರ್‌ಲೂ ಸ್ಟೇಷನ್‌ನಿಂದ ಸಾಲ್ಸ್‌ಬರಿಗೆ ನೇರ ರೈಲು, ಸುಮಾರು ಒಂದೂವರೆ ಗಂಟೆ. ಮೂವರಿಂದ ಒಂಬತ್ತು ಜನ ಒಟ್ಟಿಗೆ ಹೋಗುವುದಾದರೆ ಆಫ್‌-ಪೀಕ್ ಟಿಕೆಟ್‌ನಲ್ಲಿ ‘ಗ್ರೂಪ್‌ಸೇವ್’ ರಿಯಾಯಿತಿ ಕೇಳಿ, ಮೂರನೇ ಒಂದು ಪಾಲು ಉಳಿಯುತ್ತದೆ. ಇಬ್ಬರೇ ಇದ್ದು ಇನ್ನೂ ಒಂದೆರಡು ರೈಲು ಪ್ರಯಾಣ ಇದ್ದರೆ ‘ಟೂ ಟುಗೆದರ್’ ರೇಲ್‌ಕಾರ್ಡ್ ಲಾಭ. ಆದರೆ ಅದು ವಾರದ ದಿನಗಳಲ್ಲಿ ಬೆಳಗ್ಗೆ 9:30ಕ್ಕೆ ಮುಂಚೆ ನಡೆಯುವುದಿಲ್ಲ. ಭಾನುವಾರ ಹೊರಡುವವರು ಹಿಂದಿನ ರಾತ್ರಿಯೇ ವೇಳಾಪಟ್ಟಿ ನೋಡಬೇಕು. ಹಳಿ ದುರಸ್ತಿಯ ಕೆಲಸ ಭಾನುವಾರಗಳಲ್ಲೇ ಹೆಚ್ಚು. ರೈಲಿನ ಬದಲು ಬಸ್ಸು ಹಾಕಿದರೆ ಒಂದೂವರೆ ಗಂಟೆಯ ದಾರಿಗೆ ಎರಡೂವರೆ ಗಂಟೆಯೂ ಹಿಡಿಯಬಹುದು.

ಸಾಲ್ಸ್‌ಬರಿಯಿಂದ ದಿಬ್ಬಕ್ಕೆ ಮೂರು ದಾರಿ. ಸ್ಟೇಷನ್‌ನಿಂದ ಹೊರಡುವ ಸ್ಟೋನ್‌ಹೆಂಜ್ ಟೂರ್ ಬಸ್ಸು ಓಲ್ಡ್ ಸೇರಮ್‌ನಲ್ಲೂ ನಿಲ್ಲುತ್ತದೆ, ಹೋಗುವಾಗಲೋ ಬರುವಾಗಲೋ ಎಂಬುದನ್ನು ಹತ್ತುವಾಗಲೇ ಡ್ರೈವರ್ ಹತ್ತಿರ ಕೇಳಿಕೊಳ್ಳಿ. ಎರಡನೆಯದು ಕಾಸಲ್ ರಸ್ತೆಯಲ್ಲಿ ಏಮ್ಸ್‌ಬರಿ ಕಡೆ ಹೋಗುವ ಊರ ಬಸ್ಸು. ಇದರಲ್ಲಿ ಒಂದು ಎಡವಟ್ಟು ಆಗುವುದುಂಟು. ಈಶಾನ್ಯಕ್ಕೆ ಓಲ್ಡ್ ಸೇರಮ್ ಎಂಬ ಹೆಸರಿನದೇ ಒಂದು ಹೊಸ ಬಡಾವಣೆ, ಒಂದು ಸಣ್ಣ ವಿಮಾನ ನೆಲೆ ಇವೆ. ಬಸ್ಸಿನ ಬೋರ್ಡಿನಲ್ಲಿ ‘ಓಲ್ಡ್ ಸೇರಮ್’ ಎಂದಿದ್ದರೆ ಸಾಲದು. ‘ಕಾಸಲ್’ ಎಂದು ಹೇಳಿ, ಕೋಟೆಯ ಬಾಗಿಲ ಹತ್ತಿರ ಇಳಿಸಿ ಎನ್ನಿ. ಇಲ್ಲವಾದರೆ ಮನೆಗಳ ಸಾಲಿನ ನಡುವೆ ಇಳಿದು ಹೆದ್ದಾರಿಯ ಪಕ್ಕ ಹಿಂದಕ್ಕೆ ನಡೆಯಬೇಕಾಗುತ್ತದೆ. ಮೂರನೆಯದು ಕಾಲ್ನಡಿಗೆ. ಏವನ್ ನದಿಯ ಬಯಲಿನಲ್ಲಿ ಸ್ಟ್ರಾಟ್‌ಫರ್ಡ್-ಸಬ್-ಕಾಸಲ್ ಹಳ್ಳಿಯ ಮೂಲಕ ಹೋದರೆ ಸುಮಾರು ಒಂದು ಗಂಟೆ. ಮಳೆ ಇಲ್ಲದ ದಿನ ಕಾಲುಗಟ್ಟಿ ಇರುವವರಿಗೆ ಇದೇ ಸರಿಯಾದ ದಾರಿ. ಹಳ್ಳಿಯಿಂದ ಮೇಲೆ ನೋಡಿದಾಗಲೇ ದಿಬ್ಬದ ಎತ್ತರ ಮನಸ್ಸಿಗೆ ಇಳಿಯುವುದು.

ನೋಡುವ ಕ್ರಮ ಮುಖ್ಯ: ಮೊದಲು ದಿಬ್ಬ, ಆಮೇಲೆ ಹಳ್ಳಿ, ಕೊನೆಗೆ ಸಾಲ್ಸ್‌ಬರಿಯ ಕ್ಯಾಥೆಡ್ರಲ್. ಊರು ಇಳಿದು ಹೋದದ್ದು ಇದೇ ದಿಕ್ಕಿನಲ್ಲಿ.

ದಿಬ್ಬದ ಹೊರ ಕೋಟೆ ಕಬ್ಬಿಣ ಯುಗದ್ದು, ಕ್ರಿಸ್ತಪೂರ್ವ 400ರ ಸುಮಾರಿನದು. ಒಳಗಿನ ವರ್ತುಲ ಫ್ರಾನ್ಸಿನಿಂದ ಬಂದು ಇಂಗ್ಲೆಂಡ್ ಗೆದ್ದ ನಾರ್ಮನ್ನರದು, 1070ರ ಆಸುಪಾಸಿನಲ್ಲಿ ಎದ್ದದ್ದು. ಹೊರ ಅಂಗಳಕ್ಕೆ ಟಿಕೆಟ್ ಇಲ್ಲ. ಮರದ ಸೇತುವೆ ದಾಟಿ ಒಳ ಕೋಟೆಗೆ ಹೋಗಲು ಸ್ಮಾರಕಗಳನ್ನು ನೋಡಿಕೊಳ್ಳುವ ಇಂಗ್ಲಿಷ್ ಹೆರಿಟೇಜ್ ಸಂಸ್ಥೆಯ ಟಿಕೆಟ್ ಬೇಕು, ಆನ್‌ಲೈನ್‌ನಲ್ಲಿ ಮುಂಗಡ ತೆಗೆದುಕೊಂಡರೆ ಸ್ವಲ್ಪ ಅಗ್ಗ. ಸ್ಟೋನ್‌ಹೆಂಜ್, ಡೋವರ್ ಕೋಟೆ ಎಲ್ಲ ನೋಡುವ ಯೋಜನೆ ಇದ್ದರೆ ವಿದೇಶಿ ಪ್ರವಾಸಿಗರಿಗೆಂದೇ 9 ದಿನ ಅಥವಾ 16 ದಿನದ ಪಾಸ್ ಇದೆ. ಅದರಲ್ಲಿ ಇದೂ ಸೇರುತ್ತದೆ. ಚಳಿಗಾಲದಲ್ಲಿ ಒಳ ಕೋಟೆ ಬೇಗ ಮುಚ್ಚುತ್ತದೆ. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೇ ಸೂರ್ಯ ಮುಳುಗುತ್ತಾನೆ, ಆದ್ದರಿಂದ ಮಧ್ಯಾಹ್ನದ ಊಟ ಮುಗಿಸಿ ಹೋಗೋಣ ಎಂದುಕೊಳ್ಳಬೇಡಿ. ಊಟ ಕಟ್ಟಿಕೊಂಡೇ ಹೋಗಿ. ಸಸ್ಯಾಹಾರಿಗಳು ಚಪಾತಿ, ಚಟ್ನಿಪುಡಿ ಡಬ್ಬಿಯಲ್ಲಿ ಇಟ್ಟುಕೊಂಡರೆ ನೆಮ್ಮದಿ. ಮಂಗಳವಾರ ಮತ್ತು ಶನಿವಾರವಾದರೆ ಸಾಲ್ಸ್‌ಬರಿಯ ಸಂತೆಯಲ್ಲಿ ಹಣ್ಣು, ಬ್ರೆಡ್ ಸಿಗುತ್ತದೆ.

ಬೇಸಿಗೆಯಲ್ಲೂ ಗಾಳಿ ತಡೆಯುವ ಜಾಕೆಟ್ ಬೇಕು. ಈ ಗಾಳಿ ಸಾಮಾನ್ಯದ್ದಲ್ಲ, ಇಲ್ಲಿನ ಇತಿಹಾಸವನ್ನೇ ತಿರುಗಿಸಿದ ಗಾಳಿ. ಹೊರ ಅಂಗಳದ ವಾಯವ್ಯ ಮೂಲೆಯಲ್ಲಿ ಹುಲ್ಲಿನ ಮೇಲೆ ಶಿಲುಬೆ ಆಕಾರದ ಅಡಿಪಾಯ ಕಾಣುತ್ತದೆ. ಅದು 1092ರಲ್ಲಿ ಪ್ರತಿಷ್ಠೆಯಾದ ಮೊದಲ ಕ್ಯಾಥೆಡ್ರಲ್, ಐದೇ ದಿನಕ್ಕೆ ಬಿರುಗಾಳಿಗೆ ಹಾನಿಗೊಂಡಿತ್ತು. ಗಾಳಿಯ ಸದ್ದಿಗೆ ಪ್ರಾರ್ಥನೆ ಕೇಳುವುದಿಲ್ಲ, ನೀರಿಲ್ಲ, ಕೋಟೆಯ ಸೈನಿಕರ ಕಾಟ ಎಂದು ಪಾದ್ರಿಗಳು ರೋಮ್‌ಗೆ ದೂರು ಕೊಟ್ಟರು. ಪೋಪ್ ಮೂರನೇ ಹೊನೋರಿಯಸ್ ಒಪ್ಪಿದರು. 1220ರ ಏಪ್ರಿಲ್ 28ರಂದು ಕೆಳಗಿನ ಬಯಲಿನಲ್ಲಿ ಹೊಸ ಕ್ಯಾಥೆಡ್ರಲ್‌ಗೆ ಕಲ್ಲು ಇಟ್ಟರು. ಬಿಷಪ್ ಹೋದ ಮೇಲೆ ವ್ಯಾಪಾರ ಹೋಯಿತು, ವ್ಯಾಪಾರದ ಹಿಂದೆ ಜನ ಹೋದರು.

ಉಳಿದದ್ದು ಸಂಸತ್ತಿನ ಸ್ಥಾನ ಮಾತ್ರ. 1295ರಲ್ಲಿ ಈ ಊರಿಂದ ಮೊದಲ ಸಲ ಪ್ರತಿನಿಧಿಗಳನ್ನು ಕರೆದರು. ನಡುನಡುವೆ ತಪ್ಪಿ, 14ನೇ ಶತಮಾನದ ಉತ್ತರಾರ್ಧದಿಂದ ಬಿಡದೆ ಇಬ್ಬರು ಹೋಗತೊಡಗಿದರು. ಇಲ್ಲಿ ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಸಾಲ್ಸ್‌ಬರಿಯ ಅಧಿಕೃತ ಹೆಸರು 2009ರವರೆಗೂ ನ್ಯೂ ಸೇರಮ್ ಎಂದಿತ್ತು, ಅದು ಬೇರೆ ಕ್ಷೇತ್ರ, ಅದಕ್ಕೂ ಇಬ್ಬರು. ಹಳೆಯ ಪಟ್ಟಿಗಳನ್ನು ಓದುವಾಗ ಎರಡನ್ನೂ ಬೆರೆಸಿದರೆ ಪ್ರತಿನಿಧಿಗಳ ಹೆಸರೆಲ್ಲ ಅದಲುಬದಲಾಗುತ್ತದೆ. ವಿಲ್ಟ್‌ಷರ್ ಜಿಲ್ಲೆಯೊಂದರಲ್ಲೇ ಇಂಥ 16 ಪಟ್ಟಣ ಕ್ಷೇತ್ರಗಳಿದ್ದವು. ಜಿಲ್ಲೆಯ ಇಬ್ಬರನ್ನೂ ಸೇರಿಸಿ ಒಟ್ಟು 34 ಸದಸ್ಯರು. ಆಗ ಲಂಡನ್ ಸಿಟಿಗೆ ಇದ್ದದ್ದು ನಾಲ್ಕು.

ಜನವಿಲ್ಲದೆ ಚುನಾವಣೆ ಹೇಗೆ? ಇಲ್ಲಿ ಮತ ಮನುಷ್ಯನಿಗೆ ಅಂಟಿರಲಿಲ್ಲ, ನೆಲಕ್ಕೆ ಅಂಟಿತ್ತು. ಹಳೆಯ ಊರಿನ ‘ಬರ್ಗೇಜ್’ ನಿವೇಶನ ಯಾರ ಹೆಸರಿನಲ್ಲಿದೆಯೋ ಅವನು ಮತದಾರ. ಮನೆ ಬಿದ್ದು ಹೊಲವಾದರೂ ಹಕ್ಕು ಹೋಗಲಿಲ್ಲ. ಅಷ್ಟೂ ನಿವೇಶನ ಒಬ್ಬನ ಕೈಗೆ ಬಂದರೆ ಎರಡೂ ಸ್ಥಾನ ಅವನ ಜೇಬಿನಲ್ಲಿ. ಚುನಾವಣೆ ಬಂದಾಗ ಒಡೆಯ ತನ್ನ ನಂಬಿಕಸ್ಥರ ಹೆಸರಿಗೆ ನಿವೇಶನಗಳನ್ನು ತಾತ್ಕಾಲಿಕವಾಗಿ ಬರೆದುಕೊಡುತ್ತಿದ್ದ. ಅವರು ಬಂದು ಹೆಸರು ಹೇಳಿ ಹೋಗುತ್ತಿದ್ದರು. ಕೊನೆಯ ವರ್ಷಗಳಲ್ಲಿ ಮತದಾರರ ಸಂಖ್ಯೆ 11, ಅವರಲ್ಲಿ ಒಬ್ಬನೂ ಇಲ್ಲಿ ವಾಸವಿರಲಿಲ್ಲ. ಸ್ಟ್ರಾಟ್‌ಫರ್ಡ್ ಕಡೆಯ ಹೊಲದಲ್ಲಿ, ‘ಎಲೆಕ್ಟಿಂಗ್ ಏಕರ್’ ಎಂದು ಕರೆಯುತ್ತಿದ್ದ ತುಂಡಿನಲ್ಲಿ, ಒಂದು ಎಲ್ಮ್ ಮರದ ಕೆಳಗೆ ಡೇರೆ ಹೊಡೆದು ಚುನಾವಣೆ ಮುಗಿಸುತ್ತಿದ್ದರು. ಆ ‘ಪಾರ್ಲಿಮೆಂಟ್ ಮರ’ 20ನೇ ಶತಮಾನದ ಆರಂಭದಲ್ಲಿ ಹೋಯಿತು, ಹುಡುಕುತ್ತಾ ಅಲೆಯಬೇಡಿ. ಬೆಳೆ ಇರುವ ಹೊಲಕ್ಕೆ ಇಳಿಯುವುದೂ ಬೇಡ. ಹೊರ ಕೋಟೆಯ ಏರಿಯ ಮೇಲೆ ನಿಂತು ಕೆಳಗಿನ ಆ ಹೊಲಗಳನ್ನು ನೋಡಿದರೆ ಸಾಕು. ಏರಿಯ ಸುತ್ತು ನಡೆಯಲು ನಿಧಾನವಾಗಿ ಮುಕ್ಕಾಲು ಗಂಟೆ. ನೆಲ ಸುಣ್ಣಕಲ್ಲಿನದು, ಮಳೆ ಬಿದ್ದರೆ ಸಾಬೂನಿನಂತೆ ಜಾರುತ್ತದೆ. ಹಿಡಿತವಿರುವ ಬೂಟು ಹಾಕಿ, ಚಿಕ್ಕ ಮಕ್ಕಳ ಕೈ ಬಿಡಬೇಡಿ. ಕಂದಕ ಮೇಲಿನಿಂದ ಕಾಣುವುದಕ್ಕಿಂತ ಆಳ.

ಈ ಕ್ಷೇತ್ರದ ಕಥೆ ಭಾರತದ ಹಣವಿಲ್ಲದೆ ಪೂರ್ತಿಯಾಗುವುದಿಲ್ಲ. 1691ರಲ್ಲಿ ಇದನ್ನು ಸಾಲ್ಸ್‌ಬರಿಯ ಅರ್ಲ್ ಎಂಬ ಬಿರುದಿನ ಶ್ರೀಮಂತನಿಂದ ಕೊಂಡವನು ಥಾಮಸ್ ಪಿಟ್. ಈಸ್ಟ್ ಇಂಡಿಯಾ ಕಂಪನಿಯ ಅಪ್ಪಣೆ ಇಲ್ಲದೆ ಭಾರತದ ಜೊತೆ ವ್ಯಾಪಾರ ಮಾಡಿ ದುಡ್ಡು ಮಾಡಿದವನು, ಆಮೇಲೆ ಅದೇ ಕಂಪನಿಯಿಂದ 1698ರಿಂದ 1709ರವರೆಗೆ ಮದರಾಸಿನ ಗವರ್ನರ್. ‘ವಜ್ರದ ಹಣದಿಂದ ಓಲ್ಡ್ ಸೇರಮ್ ಕೊಂಡ’ ಎಂಬ ಮಾತು ಕೇಳುತ್ತೀರಿ, ಅದು ತಪ್ಪು. ಕ್ಷೇತ್ರ ಕೊಂಡು ಹತ್ತು ವರ್ಷವಾದ ಮೇಲೆ, ಮದರಾಸಿನಲ್ಲಿ, ಗೋಲ್ಕೊಂಡ ಸೀಮೆಯ ಗಣಿಯ 410 ಕ್ಯಾರಟ್‌ನ ಕಲ್ಲನ್ನು ಜಾಮ್‌ಚಂದ್ ಎಂಬ ವ್ಯಾಪಾರಿಯಿಂದ ಅವನು ಕೊಂಡದ್ದು. ಬೆಲೆ 48,000 ಪಗೋಡ, ಅಂದರೆ ನಮ್ಮ ಹಿರಿಯರು ವರಹ ಎನ್ನುತ್ತಿದ್ದ ಚಿನ್ನದ ನಾಣ್ಯ. 1717ರಲ್ಲಿ ಅದನ್ನು ಬಾಲಕ ದೊರೆಯ ಪರವಾಗಿ ಫ್ರಾನ್ಸ್ ಆಳುತ್ತಿದ್ದ ರೀಜೆಂಟ್‌ಗೆ 1,35,000 ಪೌಂಡ್‌ಗೆ ಮಾರಿದ. ಆ ‘ರೀಜೆಂಟ್’ ವಜ್ರ ಈಗ ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನದು.

ಥಾಮಸನ ಮೊಮ್ಮಗ ವಿಲಿಯಂ ಪಿಟ್ 1735ರಲ್ಲಿ, 26ನೇ ವಯಸ್ಸಿನಲ್ಲಿ, ಇಲ್ಲಿಂದಲೇ ಮೊದಲ ಸಲ ಸಂಸತ್ತಿಗೆ ಹೋದ. 1747ರವರೆಗೆ ಇದೇ ಅವನ ಕ್ಷೇತ್ರ. ಮುಂದೆ ಪ್ರಧಾನಿಯಾದ. ಇಂಥ ಪಟ್ಟಣ ಕ್ಷೇತ್ರಗಳೇ ನಮ್ಮ ಸಂವಿಧಾನದ ಕೊಳೆತ ಭಾಗ, ಇವು ಒಂದು ಶತಮಾನ ಉಳಿಯಲಾರವು ಎಂದು 1766ರಲ್ಲಿ ಸಂಸತ್ತಿನಲ್ಲಿ ಹೇಳಿದವನೂ ಅವನೇ. ತನ್ನನ್ನು ಬೆಳೆಸಿದ ನೆಲದ ಬಗ್ಗೆಯೇ ಆ ಮಾತು ಆಡಿದ್ದು ಸಣ್ಣ ಸಂಗತಿಯಲ್ಲ.

1802ರಲ್ಲಿ ಕ್ಯಾಲೆಡನ್‌ನ ಅರ್ಲ್ ಈ ಜಾಗಕ್ಕೆ 60,000 ಪೌಂಡ್ ಕೊಟ್ಟ. ನೆಲದ ಹುಟ್ಟುವಳಿ ವರ್ಷಕ್ಕೆ ಹೆಚ್ಚೆಂದರೆ 700 ಪೌಂಡ್. ಉಳಿದದ್ದೆಲ್ಲ ಎರಡು ಸ್ಥಾನಗಳ ಬೆಲೆ. ಕ್ಯಾಲೆಡನ್ ಮನೆತನದ ಸಂಪತ್ತೂ ಭಾರತದಿಂದಲೇ ಬಂದದ್ದು. 1802ರಿಂದ 1812ರವರೆಗೆ ಇಲ್ಲಿಂದ ಆಯ್ಕೆಯಾದ ನಿಕೋಲಸ್ ವ್ಯಾನ್ಸಿಟಾರ್ಟ್ ಬಂಗಾಳದ ಗವರ್ನರ್ ಆಗಿದ್ದ ಹೆನ್ರಿ ವ್ಯಾನ್ಸಿಟಾರ್ಟ್‌ನ ಮಗ, ಮುಂದೆ ಹಣಕಾಸು ಸಚಿವ. ಕೊನೆಯ ಇಬ್ಬರು ಸದಸ್ಯರು ಜೇಮ್ಸ್ ಅಲೆಕ್ಸಾಂಡರ್ ಮತ್ತು ಜೊಸಾಯಸ್ ಡುಪ್ರೇ ಅಲೆಕ್ಸಾಂಡರ್, ಇಬ್ಬರೂ ಅದೇ ಮನೆತನದವರು. ಎರಡನೆಯವನ ಹೆಸರು ಮೈಸೂರಿನ ಇತಿಹಾಸ ಓದಿದವರ ಕಿವಿಗೆ ಹೊಸದಲ್ಲ. 1770ರಿಂದ 1773ರವರೆಗೆ, ಹೈದರಾಲಿಯ ಜೊತೆಗಿನ ಮೊದಲ ಯುದ್ಧ ಮುಗಿದ ಬೆನ್ನಲ್ಲೇ, ಮದರಾಸಿನ ಗವರ್ನರ್ ಆಗಿದ್ದವನು ಜೊಸಾಯಸ್ ಡುಪ್ರೇ. ಅವನು ಈ ಮನೆತನದ ಅಳಿಯ. 1832ರ ಸುಧಾರಣಾ ಕಾಯ್ದೆ 56 ಪಟ್ಟಣಗಳ ಪ್ರಾತಿನಿಧ್ಯವನ್ನು ಪೂರ್ತಿ ಕಿತ್ತುಹಾಕಿತು, ಅವುಗಳಲ್ಲಿ ಓಲ್ಡ್ ಸೇರಮ್ ಒಂದು.

ದಿಬ್ಬ ಇಳಿದು ಸ್ಟ್ರಾಟ್‌ಫರ್ಡ್-ಸಬ್-ಕಾಸಲ್‌ನ ಸೇಂಟ್ ಲಾರೆನ್ಸ್ ಚರ್ಚಿಗೆ ಹೋಗಿ. ಬಾಗಿಲು ಮುಚ್ಚಿದ್ದರೂ ಬೇಸರಪಡಬೇಡಿ, ನೋಡಬೇಕಾದ್ದು ಹೊರಗೇ ಇದೆ. ಗೋಪುರದ ಗೋಡೆಯ ಮೇಲೆ ಥಾಮಸ್ ಪಿಟ್‌ನ ಹೆಸರು, 1711 ಎಂಬ ಇಸವಿ ದೊಡ್ಡ ಅಕ್ಷರಗಳಲ್ಲಿವೆ. ಗೋಪುರ ಕಟ್ಟಿಸಿದವನು ಅವನು. ಹತ್ತಿರದ ಮಾವರ್ಡನ್ ಕೋರ್ಟ್ ಪಿಟ್ ಮನೆತನ ಇದ್ದ ಮನೆ, ಈಗ ಖಾಸಗಿ. ರಸ್ತೆಯಿಂದಲೇ ನೋಡಿ ಬನ್ನಿ.

ಸಾಲ್ಸ್‌ಬರಿಗೆ ಮರಳಿದ ಮೇಲೆ ಕ್ಯಾಥೆಡ್ರಲ್‌ಗೆ ಕನಿಷ್ಠ ಒಂದೂವರೆ ಗಂಟೆ ಇಡಿ. ಭಾನುವಾರ ಪ್ರಾರ್ಥನೆಗಳಿಂದಾಗಿ ಸಂದರ್ಶಕರಿಗೆ ಸಮಯ ಕಡಿಮೆ. ರಾಜನ ಅಧಿಕಾರಕ್ಕೆ ಮಿತಿ ಹಾಕಿದ 1215ರ ಮ್ಯಾಗ್ನಾ ಕಾರ್ಟಾದ ಉಳಿದಿರುವ ನಾಲ್ಕು ಮೂಲ ಪ್ರತಿಗಳಲ್ಲಿ ಒಂದು ಇಲ್ಲಿನ ಚಾಪ್ಟರ್ ಹೌಸ್‌ನಲ್ಲಿದೆ, ಅದರ ಫೋಟೋ ತೆಗೆಯುವಂತಿಲ್ಲ. 123 ಮೀಟರ್ ಎತ್ತರದ ಗೋಪುರವನ್ನು ಎಲ್ಲರೂ ನೋಡುತ್ತಾರೆ. ಹೊರಬರುವಾಗ ಸುತ್ತಿನ ಆವರಣ ಗೋಡೆಯನ್ನೂ ಗಮನಿಸಿ. ದಿಬ್ಬದ ಹಳೆ ಕ್ಯಾಥೆಡ್ರಲ್‌ನ ಕಲ್ಲುಗಳನ್ನು ಬಳಸಲು 1331ರಲ್ಲಿ ಅಪ್ಪಣೆ ಸಿಕ್ಕಿತ್ತು. ಸಾದಾ ಕಲ್ಲುಗಳ ನಡುವೆ ಅಲ್ಲಲ್ಲಿ ಕೆತ್ತನೆಯ ತುಣುಕುಗಳು ಕಾಣುತ್ತವೆ.

ಈ ಸದಸ್ಯರು ಹೋಗಿ ಕುಳಿತ ಜಾಗವನ್ನೂ ನೋಡಬೇಕೆಂದರೆ ಲಂಡನ್‌ನಲ್ಲಿ ಇನ್ನರ್ಧ ದಿನ ಬೇಕು. ವೆಸ್ಟ್‌ಮಿನ್‌ಸ್ಟರ್ ಅರಮನೆಯ ಪ್ರವಾಸಿ ಟೂರ್ ಶನಿವಾರಗಳಲ್ಲಿ ಮತ್ತು ಅಧಿವೇಶನವಿಲ್ಲದ ಕೆಲವು ವಾರದ ದಿನಗಳಲ್ಲಿ ಇರುತ್ತದೆ. ಆನ್‌ಲೈನ್‌ನಲ್ಲಿ ಮೊದಲೇ ಕಾದಿರಿಸಿ, ವಿಮಾನ ನಿಲ್ದಾಣದಂಥ ತಪಾಸಣೆಗೆ ಅರ್ಧ ಗಂಟೆ ಮುಂಚೆ ಹೋಗಿ. ವಾಟರ್‌ಲೂನಿಂದ ನದಿದಡದಲ್ಲಿ ಲ್ಯಾಂಬೆತ್ ಸೇತುವೆ ಕಡೆ ನಡೆದರೆ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವಣ್ಣನವರ ಪ್ರತಿಮೆ ಸಿಗುತ್ತದೆ. ಅಲ್ಲಿ ಕೈಮುಗಿದು, ಅದೇ ಸೇತುವೆ ದಾಟಿ ಸಂಸತ್ತಿಗೆ ಹೋಗಬಹುದು. ಒಳಗೆ ಸೇಂಟ್ ಸ್ಟೀಫನ್ಸ್ ಹಾಲ್‌ಗೆ ಬಂದಾಗ ಆಡಿಯೋ ಗೈಡ್ ನಿಲ್ಲಿಸಿ ನೆಲ ನೋಡಿ. 1834ರ ಬೆಂಕಿಗೆ ಮುಂಚೆ ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆ ಸೇರುತ್ತಿದ್ದದ್ದು ಇದೇ ಜಾಗದಲ್ಲಿ, ಸ್ಪೀಕರ್ ಕುರ್ಚಿ ಇದ್ದಲ್ಲಿ ಹಿತ್ತಾಳೆಯ ಮೊಳೆಗಳನ್ನು ಹೊಡೆದಿದ್ದಾರೆ. ಹಾಲ್‌ನ ಇಕ್ಕೆಲದಲ್ಲಿ 12 ಅಮೃತಶಿಲೆಯ ಪ್ರತಿಮೆಗಳಿವೆ. ಅವುಗಳಲ್ಲಿ ‘ಚಾಟಮ್’ ಎಂದು ಬರೆದಿರುವುದು ಓಲ್ಡ್ ಸೇರಮ್‌ನಿಂದ ಬಂದು ಮುಂದೆ ಚಾಟಮ್‌ನ ಅರ್ಲ್ ಆದ ವಿಲಿಯಂ ಪಿಟ್‌ನದು. ಟೂರ್ ಗುಂಪುಗಳು ಇಲ್ಲಿ ನಿಲ್ಲದೆ ದಾಟುವುದರಿಂದ, ಗೋಡೆಯ ಬದಿಗೆ ಸರಿದು ನಿಂತರೆ ಎರಡನ್ನೂ ಸಾವಕಾಶವಾಗಿ ನೋಡಬಹುದು.