ಹದಿನಾಲ್ಕು ಬಂದರೂ ನಡೆ ತಪ್ಪಿದ ಸಾಲು

ಆಟಿ ತಿಂಗಳ ಭಾನುವಾರ, ಉಡುಪಿಯ ಒಂದು ಮನೆಯ ಚಾವಡಿ. ಆರು ಸಾಲಿನ ಪದ್ಯವಾದ ಭಾಮಿನಿ ಷಟ್ಪದಿ ಬರೆಯಲು ಕಲಿಯಬೇಕೆಂದು ಎಂಟು ಮಂದಿ ಕೂತಿದ್ದರು. ಹೊರಗೆ ಮಳೆ ಹೊಯ್ಯುತ್ತಿತ್ತು. ಕಾಲೇಜಿಗೆ ಹೋಗುವ ಹುಡುಗಿ ಹಲಗೆಯ ಮೇಲೆ ಬರೆದ ಮೊದಲ ಸಾಲು ಹೀಗಿತ್ತು:

ಮಳೆಗಾಲದಲಿ ಸಂಜೆ ದೋಣಿಯು

ಅವಳು ಬೆರಳು ಮಡಚಿ ಎಣಿಸಿದಳು. ಮಾತ್ರೆ ಎಂದರೆ ಉಚ್ಚಾರದ ಕಾಲದ ಅಳತೆ. ಗಿಡ್ಡ ಉಚ್ಚಾರದ ಅಕ್ಷರವಾದ ಲಘುವಿಗೆ ಒಂದು ಮಾತ್ರೆ, ದೀರ್ಘವಾಗಿಯೋ ಭಾರವಾಗಿಯೋ ಉಚ್ಚರಿಸುವ ಗುರುವಿಗೆ ಎರಡು. ‘ಮಳೆಗಾಲದಲಿ’ ಏಳು, ‘ಸಂಜೆ’ ಮೂರು, ‘ದೋಣಿಯು’ ನಾಲ್ಕು. “ಹದಿನಾಲ್ಕು ಸರಿ ಉಂಟಲ್ಲ ಮಾಸ್ಟ್ರೇ?”

ಲೆಕ್ಕ ಸರಿಯೇ ಇದೆ. ಆದರೆ ಭಾಮಿನಿಯ ಸಾಲು ಬರೀ ಹದಿನಾಲ್ಕಲ್ಲ, ಮೂರು–ನಾಲ್ಕು, ಮೂರು–ನಾಲ್ಕು. ಈ ಒಂದೊಂದು ಗುಂಪೇ ಗಣ. ತೊಡೆ ತಟ್ಟಿ ‘ತಕಿಟ ತಕಧಿಮಿ ತಕಿಟ ತಕಧಿಮಿ’ ಎಂದುಕೊಂಡು ಅವಳ ಸಾಲನ್ನು ಅದರ ಮೇಲೆ ಇಟ್ಟು ನೋಡಿ. ‘ಮಳೆ’ಗೆ ಎರಡು ಮಾತ್ರೆ ಆಯಿತು. ಮೂರನೆಯದಕ್ಕೆ ಬರುವುದು ‘ಗಾ’, ಅದಕ್ಕೇ ಎರಡು ಮಾತ್ರೆ. ಗಣ ಮುಗಿಯಬೇಕಾದ ಜಾಗ ‘ಗಾ’ದ ನಟ್ಟನಡುವೆ ಬೀಳುತ್ತದೆ. ಗುರುವನ್ನು ಸೀಳಲಾಗದು. ಪದವನ್ನು ಸೀಳಬಹುದು, ಅದರಲ್ಲಿ ದೋಷವಿಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಮಂದಿ ಗಣಕ್ಕೊಂದು ಪದ ಹುಡುಕುತ್ತಾ ಸುಮ್ಮನೆ ಒದ್ದಾಡುತ್ತಾರೆ.

ಅವಳ ಸಾಲಿಗೆ ಮದ್ದು ಸಾಲಿನೊಳಗೇ ಇತ್ತು. ‘ಸಂಜೆ’ಯನ್ನು ಎತ್ತಿ ಮುಂದಿಟ್ಟರೆ ಸಾಕು:

ಸಂಜೆ | ಮಳೆಗಾ | ಲದಲಿ | ದೋಣಿಯು

ಅವೇ ಪದಗಳು, ಅದೇ ಹದಿನಾಲ್ಕು ಮಾತ್ರೆ, ಈಗ ಸಾಲು ನಡೆಯುತ್ತದೆ. ಎಂಟೂ ಮಂದಿ ಒಟ್ಟಿಗೆ ತಟ್ಟಿ ಹೇಳಿದಾಗ ವ್ಯತ್ಯಾಸವನ್ನು ಯಾರಿಗೂ ವಿವರಿಸಬೇಕಾಗಲಿಲ್ಲ. ಮೊದಲು ನಡೆ ಕಿವಿಗೆ ಹಿಡಿಯಬೇಕು, ಎಣಿಕೆ ಆಮೇಲಿನ ಪರೀಕ್ಷೆ. ಆದರೆ ಯಕ್ಷಗಾನದ ಆಟ ನೋಡಿ ಬೆಳೆದ ನಮ್ಮೂರಿನವರಿಗೆ ಇಲ್ಲೊಂದು ತೊಡಕಿದೆ. ಭಾಗವತರು ಭಾಮಿನಿಯನ್ನು ಹೆಚ್ಚಾಗಿ ತಾಳವಿಲ್ಲದೆ, ರಾಗ ಎಳೆದು ಹಾಡುತ್ತಾರೆ. ಆ ಎಳೆತವನ್ನು ನಂಬಿ ಮಾತ್ರೆ ಹಾಕಿದರೆ ಲಘುವೆಲ್ಲ ಗುರುವಾಗಿ ಕೇಳುತ್ತದೆ. ಆದ್ದರಿಂದ ಕಲಿಯುವಾಗ ರಾಗ ಬಿಟ್ಟು ಓದಬೇಕು.

ಗುರು–ಲಘು ಹಾಕುವಾಗ ಕಂಡ ತಪ್ಪುಗಳು ಹೆಚ್ಚಿಲ್ಲ. ‘ಮುಟ್ಟು’ ಎಂಬಲ್ಲಿ ‘ಟ್ಟು’ವಿಗೆ ಗುರು ಹಾಕಿದವರಿದ್ದರು. ಒತ್ತಿರುವ ಅಕ್ಷರ ಲಘುವೇ, ಅದರ ಭಾರ ಬೀಳುವುದು ಹಿಂದಿನ ‘ಮು’ವಿನ ಮೇಲೆ. ‘ಅಮೃತ’ದಲ್ಲಿ ಇನ್ನೊಂದು ಗೊಂದಲ. ‘ಮೃ’ ಬರವಣಿಗೆಯಲ್ಲಿ ಒತ್ತಿನ ಹಾಗೆ ಕಂಡರೂ ಅದು ಋ ಸ್ವರ, ಒತ್ತಕ್ಷರವಲ್ಲ. ಹಾಗಾಗಿ ‘ಅ’ ಲಘುವೇ, ಮೂರೂ ಲಘು. ಬಾಯಲ್ಲಿ ‘ಅಮ್ರುತ’ ಎನ್ನುವ ರೂಢಿಯಿಂದ ಕಿವಿಯೂ ಮೋಸ ಹೋಗುತ್ತದೆ.

ಒಬ್ಬರಿಗೆ ‘ಸಮುದ್ರ’ ಎಂಬ ಪದ ಬೇಕೇ ಬೇಕಿತ್ತು. ಸ ಲಘು, ಮು ಗುರು, ದ್ರ ಲಘು. ನಡುವೆ ಗುರು ಬರುವ ಈ ಜಗಣವನ್ನು ಷಟ್ಪದಿಯ ನಾಲ್ಕು ಮಾತ್ರೆಯ ಗಣದಲ್ಲಿ ಇಡುವುದಿಲ್ಲ. ಮೂರರ ಗಣವೂ ಲಘು–ಗುರು ಎಂದು ಶುರುವಾದರೆ ನಡೆ ಮುಗ್ಗರಿಸುತ್ತದೆ. ‘ಸ’ವನ್ನು ಹಿಂದಿನ ಗಣದ ಬಾಲಕ್ಕೆ ಸೇರಿಸಿದರೆ ಮಾತ್ರ ಪದ ಕೂರುತ್ತದೆ. ಅಷ್ಟು ಕಷ್ಟ ಏಕೆ, ‘ಕಡಲು’ ಇದೆಯಲ್ಲ.

ಹುಡುಗಿಯ ಸಾಲು ಸರಿಯಾದೊಡನೆ ಇನ್ನೊಂದು ಸಮಸ್ಯೆ ಎದ್ದಿತು. ಆರೂ ಸಾಲುಗಳ ಎರಡನೆಯ ಅಕ್ಷರ ಒಂದೇ ವ್ಯಂಜನವಾಗಬೇಕು, ಅದು ಆದಿಪ್ರಾಸ. ‘ಮಳೆ’ ಮೊದಲಿಗಿದ್ದಾಗ ಪ್ರಾಸ ‘ಳ’. ಇಳಿ, ಕಳೆ, ಬೆಳೆ, ಹೊಳೆ ಎಂದು ಬೇಕಾದಷ್ಟು ಪದಗಳು. ‘ಸಂಜೆ’ ಮುಂದೆ ಬಂದಾಗ ಬಿಂದುವಿನೊಡನೆ (ಸೊನ್ನೆಯೊಡನೆ) ‘ಜ’, ಹಳೆಯ ಛಂದಶ್ಶಾಸ್ತ್ರಕಾರ ನಾಗವರ್ಮನ ಲೆಕ್ಕದಲ್ಲಿ ವೃಷಭಪ್ರಾಸ. ಇದಕ್ಕೆ ಪದಗಳು ಬೆರಳೆಣಿಕೆಯಷ್ಟು: ಅಂಜು, ಮಂಜು, ಪಂಜು, ನಂಜು. ‘ರಾಜ’ನನ್ನು ತಂದು ಸೇರಿಸುವಂತಿಲ್ಲ, ಅದು ದೀರ್ಘದ ಗಜಪ್ರಾಸ. ಅವಳು ಹೀಗೆ ಮುಂದುವರಿಸಿದಳು:

ಸಂಜೆ ಮಳೆಗಾಲದಲಿ ದೋಣಿಯು
ಮಂಜು ಕವಿದಿಹ ತಡಿಗೆ ಬಂದಿತು
ಪಂಜಿನುರಿಯನು ಹಿಡಿದು ನಿಂತರು ಮನೆಯ ಹೆಂಗಸರು

ಮೂರನೆಯ ಸಾಲು ಮೊದಲಿನ ಒಂದೂವರೆ ಪಟ್ಟು, ಮೇಲೊಂದು ಗುರು, ಒಟ್ಟು 23. ಕೊನೆಯ ‘ರು’ ಲಘುವಾದರೂ ಸಾಲಿನ ತುದಿಯಲ್ಲಿದ್ದುದರಿಂದ ಗುರು ಎಂದೇ ಲೆಕ್ಕ. ಛಂದಸ್ಸಿನಲ್ಲಿ ಎಲ್ಲವೂ ಸರಿ. ಆಗ ಹಿರಿಯರೊಬ್ಬರು ಮೆತ್ತಗೆ ಕೇಳಿದರು: “ಮಳೆಗಾಲಕ್ಕೆ ಮಲ್ಪೆಯ ತಡಿಯಲ್ಲಿ ಮಂಜು ಎಲ್ಲಿಂದ ಬಂತು ಮಗಾ?”

ಮಂಜು ಬಂದದ್ದು ಪ್ರಾಸದಿಂದ. ಕಂಡದ್ದನ್ನು ಬಿಟ್ಟು ಪ್ರಾಸ ಕೊಟ್ಟದ್ದನ್ನು ಬರೆಯಬೇಕಾಗಿ ಬರುವುದು ಹೀಗೆ. 1875ರಲ್ಲಿ ಜರ್ಮನ್ ಪಾದ್ರಿ ಕಿಟೆಲ್ ನಾಗವರ್ಮನ ಛಂದೋಗ್ರಂಥವನ್ನು ಅಚ್ಚು ಹಾಕಿಸಿದ್ದು ಮಂಗಳೂರಿನಲ್ಲಿ. ಅದೇ ಮಂಗಳೂರಿನಲ್ಲಿ ಹುಟ್ಟಿದ ಕವಿ ಗೋವಿಂದ ಪೈಗಳು 1911ರಲ್ಲಿ ಆದಿಪ್ರಾಸವನ್ನು ಕೈಬಿಟ್ಟರು. ಅವರು ಬಿಟ್ಟದ್ದು ಪ್ರಾಸವನ್ನು, ಛಂದಸ್ಸನ್ನಲ್ಲ. ಎರಡನ್ನೂ ಒಂದೇ ಎಂದುಕೊಂಡು ನಡೆಯನ್ನೂ ಕಳೆದುಕೊಂಡ ಪದ್ಯಗಳನ್ನು ಓದುವಾಗ ಹೊಟ್ಟೆ ಉರಿಯುತ್ತದೆ.

ಹುಡುಗಿ ಎರಡನೆಯ ಸಾಲನ್ನು ಅಳಿಸಿದಳು. ‘ಅಂಜಿ’ ಎಂದು ಶುರುಮಾಡಿದರೆ ದೋಣಿಯವರ ಭಯವನ್ನು ಹೇಳಬಹುದು, ಅದು ಮಂಜಿಗಿಂತ ನಿಜ. ‘ಅಂಜಿ’ ಮೂರು ಮಾತ್ರೆ. ಮುಂದಿನ ನಾಲ್ಕಕ್ಕೆ ‘ಕಡಲಿಗೆ’ ಎಂದು ಬರೆದು, ಸೀಮೆಸುಣ್ಣ ಹಿಡಿದುಕೊಂಡೇ ತೊಡೆ ತಟ್ಟತೊಡಗಿದಳು.